ಅಂತ, ಏನೆಂದರೆ, ದಟ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಮ್ಮ ಕಡೆಯ ಯಾವ ಊರಿನ ಪುಸ್ತಕದಂಗಡಿಗೆ ಹೋದರೂ ಇಂಗ್ಲಿಷ್ ಗ್ರಾಮರ್ ಗೈಡುಗಳಿಗೆ ಕೊರತೆಯಿಲ್ಲ. ಕನ್ನಡದಲ್ಲಿ ವಿವರಣೆ ಕೊಡುವ ಇಂಥ ಗೈಡುಗಳನ್ನು ಕೊಳ್ಳುವ ಚಟ ನನಗಿದೆ. ಕೊಂಡ ಕೂಡಲೇ ‘ಕಾಂಪ್ಲಿಮೆಂಟ್’ ಎಂಬ ಪುಟ ತೆಗೆಯುತ್ತೇನೆ. (ಕನ್ನಡ ಲಿಪಿಯಲ್ಲಿ ಬರೆದರೆ ಹೊಗಳಿಕೆಯೂ ಇದೇ, ವ್ಯಾಕರಣದ ಪೂರಕವೂ ಇದೇ. ಗೊಂದಲ ಅಲ್ಲಿಂದಲೇ ಶುರು.) ವಾಕ್ಯದ ಅರ್ಥವನ್ನು ಪೂರ್ಣಗೊಳಿಸುವ ಪದವೇ ಪೂರಕ ಎಂಬರ್ಥದ ಒಂದು ಸಾಲು ಅಲ್ಲಿರುತ್ತದೆ. ಹಾಗಾದರೆ ‘ಹುಡುಗ ತಿಂದ’ ಎಂದಾಗ ಏನನ್ನು ತಿಂದ ಎಂಬುದು ಅರ್ಥವನ್ನು ಪೂರ್ಣಗೊಳಿಸುವುದಿಲ್ಲವೇ? ಅದನ್ನೇಕೆ ಕರ್ಮ ಎನ್ನುತ್ತೀರಿ? ಗೈಡು ಉತ್ತರಿಸುವುದಿಲ್ಲ. ಎಸ್, ವಿ, ಓ, ಸಿ ಎಂಬ ನಾಲ್ಕು ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ ಮುಂದಿನ ಪುಟಕ್ಕೆ ಹೋಗುತ್ತದೆ.

ತಪ್ಪು ಪೂರ್ತಿ ಗೈಡಿನದಲ್ಲ. ಈ ಹೆಸರು ಇಂಗ್ಲಿಷಿನಲ್ಲೇ ಎರಡು ಕಾಲದ ಎರಡು ಅರ್ಥ ಹೊತ್ತಿದೆ. 1935ರಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪ್ರಕಾರ ‘ಹೀ ಈಸ್ ಎ ಟೀಚರ್’ನಲ್ಲಿ ‘ಎ ಟೀಚರ್’ ಪೂರಕ. ‘ಐ ನೋ ದಟ್ ಹೀ ಕೇಮ್’ನಲ್ಲಿ ‘ದಟ್ ಹೀ ಕೇಮ್’ ಎಂಬುದು ಕರ್ಮಸ್ಥಾನದ ನಾಮ ಉಪವಾಕ್ಯ. ಪೀಟರ್ ರೋಸೆನ್‌ಬಾಮ್ 1967ರಲ್ಲಿ ಇಂಥ ಒಳವಾಕ್ಯಗಳ ಮೇಲೇ ಒಂದು ಪುಸ್ತಕ ಬರೆದ. ಅಲ್ಲಿಂದೀಚೆಗೆ ಭಾಷಾವಿಜ್ಞಾನದಲ್ಲಿ ಆ ಒಳವಾಕ್ಯವೇ ಕಾಂಪ್ಲಿಮೆಂಟ್. ‘ದಟ್’ ಅದನ್ನು ಗುರುತಿಸುವ ಪದ. ಹೈಸ್ಕೂಲಿನಲ್ಲಿ ಮೊದಲ ಅರ್ಥ ಕಲಿತವರು ಎಂ.ಎ.ಗೆ ಹೋಗಿ ಎರಡನೆಯದನ್ನು ಕಲಿಯುತ್ತಾರೆ. ಎರಡೂ ಬೇರೆ ಎಂದು ಯಾರಾದರೂ ಹೇಳಿದರೆ ಅದೃಷ್ಟ.

ಮೊದಲ ಅರ್ಥದ ಪೂರಕ ನಮ್ಮ ಮಕ್ಕಳಿಗೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ. ‘ಅವರು ಮೇಷ್ಟ್ರು’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಇಲ್ಲದ ಕ್ರಿಯೆಗೆ ಪೂರಕವೆಲ್ಲಿಯದು? ಅದನ್ನು ಬಿಡಿ. ಎರಡನೆಯದು, ವಾಕ್ಯದೊಳಗಿನ ವಾಕ್ಯ, ನಮಗೆ ಚೆನ್ನಾಗಿಯೇ ಗೊತ್ತು. ಇಂಗ್ಲಿಷಿಗಿಂತ ಚೆನ್ನಾಗಿ ಗೊತ್ತು ಎಂದೇ ನನ್ನ ವಾದ.

ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತೆಗೆದುಕೊಳ್ಳಿ. ನಮ್ಮವರ ಬಾಯಲ್ಲಿ ಅದು ಮಾರಿಕಣಿವೆ. 1933ರಲ್ಲಿ ತುಂಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಅಂಥ ಸುದ್ದಿಯನ್ನು ನಮ್ಮ ಜನ ಹೇಗೆಲ್ಲ ಹೇಳಬಹುದು ನೋಡಿ. ‘ಕೋಡಿ ಬಿದ್ದೈತಂತೆ’ ಎಂದರೆ ಕೇಳಿದ ಮಾತು, ಹೊಣೆ ನನ್ನದಲ್ಲ. ‘ಕೋಡಿ ಬಿತ್ತು ಅಂತ ಅಂದ್ಕೊಂಡೆ’ ಎಂದರೆ ಊಹೆ, ಬಿದ್ದಿರಲಿಕ್ಕಿಲ್ಲ. ‘ಕೋಡಿ ಬಿದ್ದದ್ದು ಗೊತ್ತಾಯ್ತು’ ಎಂದರೆ ನೀರು ಹರಿದೇ ಹರಿದಿದೆ. ಕೊನೆಯದನ್ನು ಇಲ್ಲ ಮಾಡಿ ನೋಡಿ: ‘ಕೋಡಿ ಬಿದ್ದದ್ದು ನಂಗೆ ಗೊತ್ತಾಗ್ಲಿಲ್ಲ.’ ಆಗಲೂ ಕೋಡಿ ಬಿದ್ದಿರುತ್ತದೆ. ‘ಕೋಡಿ ಬಿದ್ದದ್ದು ಅಂದ್ಕೊಂಡೆ’ ಎಂದು ನಮ್ಮಲ್ಲಿ ಮೂರನೇ ತರಗತಿಯ ಹುಡುಗಿಯೂ ಹೇಳಲಾರಳು. ವಾಸ್ತವವೆಂದು ಒಪ್ಪಿಕೊಂಡ ಒಳವಾಕ್ಯಕ್ಕೂ ಬರಿಯ ಹೇಳಿಕೆಗೂ ಇರುವ ಈ ವ್ಯತ್ಯಾಸದ ಬಗ್ಗೆ ಪಾಲ್ ಮತ್ತು ಕ್ಯಾರೊಲ್ ಕಿಪಾರ್ಸ್ಕಿ 1970ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಇಂಗ್ಲಿಷಿನ ‘ಐ ನ್ಯೂ’, ‘ಐ ಥಾಟ್’ ಎರಡರ ಮುಂದೆಯೂ ಅದೇ ‘ದಟ್’ ಬರುತ್ತದೆ. ನಿಜವೋ ಊಹೆಯೋ ಎಂಬುದನ್ನು ಕ್ರಿಯಾಪದದಿಂದ ತಿಳಿಯಬೇಕು. ಕನ್ನಡದಲ್ಲಿ ‘ದ್ದು’ ಮತ್ತು ‘ಅಂತ’ಗಳೇ ಅದನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ಇಷ್ಟು ತಿಳಿದ ಮಗುವಿಗೆ ಗೈಡು ಏನೂ ತಿಳಿಯದವರಂತೆ ಪಾಠ ಹೇಳುತ್ತದೆ.

ನಿಜವಾದ ತೊಡಕು ಇರುವುದು ‘ಅಂತ’ದಲ್ಲಿ. ‘ಎಂದು’ ಹುಟ್ಟಿದ್ದು ‘ಎನ್ನು’ ಧಾತುವಿನಿಂದ. ನಮ್ಮಲ್ಲಿ ಅಂದುಕೊಳ್ಳುವುದು, ಹೆದರುವುದು, ಆಸೆಪಡುವುದು ಎಲ್ಲವೂ ಒಂದು ಮಾತನ್ನು ಆಡಿಯೇ ಆಗಬೇಕು: ‘ಮಳೆ ಬರಲ್ಲ ಅಂತ ಭಯ.’ ಆಡಿದ ಮಾತಾದ್ದರಿಂದ ಆಡಿದವನ ‘ನಾನು’ ಕೂಡ ಹಾಗೇ ಉಳಿಯುತ್ತದೆ. ಇಂಗ್ಲಿಷಿನ ‘ದಟ್’ ಮೂಲತಃ ‘ಅದು’ ಎಂದು ತೋರಿಸುವ ಪದ. ಅದರಾಚೆಗಿನ ವಾಕ್ಯದಲ್ಲಿ ಮಾತಾಡುವುದು ವರದಿ ಮಾಡುವವನು, ಆಡಿದವನಲ್ಲ.

ಭೀಮಸಮುದ್ರದ ಮಂಡಿಗೆ ಅಡಿಕೆ ಹಾಕಿದ ರೈತನೊಬ್ಬ ದೂರು ಬರೆಸುತ್ತಾನೆ ಅನ್ನಿ: ‘ಸಾಹುಕಾರರು ನಾಳೆ ನಾನೇ ದುಡ್ಡು ತಂದು ಕೊಡ್ತೀನಿ ಅಂತ ಹೇಳಿದ್ರು.’ ಕೇಳಿದವರಿಗೆ ಸಂದರ್ಭದಿಂದ ಅರ್ಥವಾಗುತ್ತದೆ. ಬರೆದುಕೊಡುವ ಹುಡುಗ ಪದಕ್ಕೆ ಪದವಿಟ್ಟು ‘ದ ಮರ್ಚೆಂಟ್ ಸೆಡ್ ದಟ್ ಐ ವಿಲ್ ಬ್ರಿಂಗ್ ದ ಮನಿ ಟುಮಾರೊ’ ಎಂದರೆ ಸಾಲಗಾರ ಬದಲಾಗಿಬಿಟ್ಟ. ಇಂಗ್ಲಿಷ್ ಓದುವವರಿಗೆ ಈಗ ದುಡ್ಡು ಕೊಡಬೇಕಾದವನು ರೈತ. ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕ ಹೋಗಬಹುದು. ದೂರಿನಲ್ಲಿ ಇಡೀ ಫಸಲಿನ ದುಡ್ಡೇ ಹೋಗಬಹುದು. ‘ತಾನೇ ತಂದು ಕೊಡ್ತೀನಿ ಅಂತ’ ಎನ್ನುವ ಉಪಾಯ ನಮ್ಮಲ್ಲೇ ಇದೆ: ‘ತಾನು’ ಎಂದರೆ ಆಡಿದವನು, ಅನುಮಾನವಿಲ್ಲ. ಮೊದಲು ನಾನುವನ್ನು ತಾನು ಮಾಡು, ಆಮೇಲೆ ತಾನುವನ್ನು ‘ಹೀ’ ಮಾಡು ಎಂದು ಹೇಳಿಕೊಡುವ ಗೈಡನ್ನು ನಾನಿನ್ನೂ ನೋಡಿಲ್ಲ. ಎಲ್ಲ ಗೈಡುಗಳಲ್ಲೂ ಇರುವುದು ‘ಐ’ ಇದ್ದದ್ದು ‘ಹೀ’ ಆಗುತ್ತದೆ, ‘ವಿಲ್’ ಇದ್ದದ್ದು ‘ವುಡ್’ ಆಗುತ್ತದೆ ಎಂಬ ಪಟ್ಟಿ. ಯಾಕೆ ಎಂಬ ಮಾತಿಲ್ಲ.

ಇನ್ನೊಂದು ತೊಡಕು ಸ್ಥಾನದ್ದು. ‘ಅಂತ’ ಒಳವಾಕ್ಯ ಮುಗಿದ ಮೇಲೆ ಬಂದು ಬಾಗಿಲು ಹಾಕುತ್ತದೆ. ‘ದಟ್’ ಮುಂಚೆಯೇ ಬಂದು ಬಾಗಿಲು ತೆರೆಯುತ್ತದೆ. ಇದಕ್ಕೂ ನಮ್ಮಲ್ಲಿ ಸೇತುವೆ ಇದೆ. ಹಳೆಯ ಕಾಗದಗಳನ್ನು ನೆನಪಿಸಿಕೊಳ್ಳಿ: ಉಭಯ ಕುಶಲೋಪರಿ, ತರುವಾಯ ‘ತಿಳಿಸುವುದೇನೆಂದರೆ’. ಆ ‘ಏನೆಂದರೆ’ ಬಾಗಿಲು ತೆರೆಯುವ ಪದವೇ. ಪತ್ರಿಕೆಯಲ್ಲಿ ‘ಸಚಿವರು ಹೇಳಿದ್ದೇನೆಂದರೆ’ ಎಂದು ಬಂದರೆ ಇಂಗ್ಲಿಷ್ ವಾಸನೆ ಎಂದು ಮೂಗು ಮುರಿಯುವವರಿದ್ದಾರೆ. ಹಳಗನ್ನಡದಲ್ಲೇ ‘ಎಂತೆಂದೊಡೆ’ ಧಾರಾಳವಾಗಿ ಇರುವುದನ್ನು ಅವರು ಮರೆಯುತ್ತಾರೆ.

ಕನ್ನಡ ಬಿಟ್ಟು ನಮ್ಮ ಜಿಲ್ಲೆಯ ಬಂಡೆಗಳನ್ನೇ ಕೇಳಿದರೂ ಇದೇ ಕ್ರಮ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡ ಅಶೋಕನ ಶಾಸನ ಪ್ರಾಕೃತದಲ್ಲಿದೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಆಮೇಲೆ ಅವರಿಗೆ ‘ಹೀಗೆ’ ಹೇಳಬೇಕು ಎಂದು ಅದು ಶುರುವಾಗುತ್ತದೆ. ನಮ್ಮ ಕಾಗದದ ಕುಶಲೋಪರಿ ಮತ್ತು ‘ತಿಳಿಸುವುದೇನೆಂದರೆ’ಗಳೇ ಅಲ್ಲವೇ ಇವು? ಆ ‘ಹೀಗೆ’ಯ ಆಚೆ ದೇವಾನಾಂಪ್ರಿಯನ ಮಾತು. ಎರಡೂವರೆ ವರ್ಷಕ್ಕೂ ಮೀರಿ ನಾನು ಉಪಾಸಕ, ಮೊದಲ ಒಂದು ವರ್ಷ ಹೆಚ್ಚು ಶ್ರಮ ಹಾಕಲಿಲ್ಲ ಎಂದು ಆತ ಹೇಳುತ್ತಾನೆ. ಚಕ್ರವರ್ತಿಯಿಂದ ಸುವರ್ಣಗಿರಿಗೆ, ಅಲ್ಲಿಂದ ಇಸಿಲಕ್ಕೆ ಬಾಯಿಂದ ಬಾಯಿಗೆ ದಾಟಿ ಬಂದರೂ ಆ ‘ನಾನು’ ನಾನಾಗಿಯೇ ಉಳಿದಿದೆ. ಬಾಗಿಲು ತೆರೆಯುವ ಪದ ಮುಂದೆ ಇದ್ದ ಮಾತ್ರಕ್ಕೆ ‘ನಾನು’ ‘ಅವನು’ ಆಗಲೇಬೇಕೆಂದಿಲ್ಲ. ಅದು ಇಂಗ್ಲಿಷಿನ ‘ದಟ್’ ಮಾಡಿಕೊಂಡ ಕರಾರು. ಅಂದಮೇಲೆ ಕಲಿಸಬೇಕಾದ್ದು ಎರಡು ಬೇರೆ ಬೇರೆ ಹೆಜ್ಜೆ, ಜಾಗದ್ದು ಒಂದು, ‘ನಾನು’ವಿನದು ಒಂದು. ಗೈಡುಗಳು ಎರಡನ್ನೂ ಒಂದೇ ಕೋಷ್ಟಕದಲ್ಲಿ ತುಂಬುತ್ತವೆ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಎಸ್.ಎನ್. ಶ್ರೀಧರ್ 1990ರಲ್ಲಿ ಪ್ರಕಟಿಸಿದ ಕನ್ನಡದ ವರ್ಣನಾತ್ಮಕ ವ್ಯಾಕರಣ ಇಂಗ್ಲಿಷಿನಲ್ಲಿದೆ. ಈ ವಿದ್ವತ್ತಿನ ಒಂದು ಹನಿಯೂ ಗೈಡಿಗೆ ಇಳಿದಿಲ್ಲ. ‘ರಿಮೆಂಬರ್ಡ್ ಟು ಲಾಕ್’, ‘ರಿಮೆಂಬರ್ಡ್ ಲಾಕಿಂಗ್’ ಇವೆರಡರ ವ್ಯತ್ಯಾಸಕ್ಕೆ ಮೊನ್ನೆ ಕೊಂಡ ಗೈಡಿನಲ್ಲಿ ಒಂದೂವರೆ ಪುಟದ ನಿಯಮವಿದೆ. ಹೊಳಲ್ಕೆರೆಯ ಹುಡುಗನನ್ನು ಕೇಳಿ: ‘ಬೀಗ ಹಾಕೋದು ನೆನಪಾಯ್ತು’ ಅಂದರೆ ಅವನು ಎದ್ದು ಹೋಗಿ ಬೀಗ ಹಾಕುತ್ತಾನೆ, ‘ಬೀಗ ಹಾಕಿದ್ದು ನೆನಪಾಯ್ತು’ ಅಂದರೆ ನಿಶ್ಚಿಂತೆಯಾಗಿ ಕೂತಿರುತ್ತಾನೆ.