ಕಾರಕೋಲ್‌ನ ಹೊಲಿಗೆ ಲೆಕ್ಕ

ಬಡ ದೇಶವೊಂದನ್ನು ಭೂಕಂಪವೋ ಚಂಡಮಾರುತವೋ ಹೊಡೆದಾಗ ನೆರವಿಗೆ ಬಂದವರು ಮೊದಲ ಕೆಲವು ತಿಂಗಳು ಅಕ್ಕಿ, ಔಷಧಿ, ಟಾರ್ಪಾಲು ಹಂಚುತ್ತಾರೆ. ಆಮೇಲೆ ಮಾತು ಬದಲಾಗುತ್ತದೆ: ದಾನ ಎಷ್ಟು ದಿನ ಕೊಡುವುದು, ಕೈಗೊಂದು ಕೆಲಸ ಕೊಡೋಣ. ಆ ಕೆಲಸ ಬಹಳ ಸಲ ಹೊಲಿಗೆಯೇ ಆಗಿರುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆ ಎಬ್ಬಿಸಲು ಭಾರಿ ಬಂಡವಾಳ ಬೇಡ, ಕೆಲಸಗಾರರಿಗೆ ವರ್ಷಗಟ್ಟಲೆ ಓದು ಬೇಡ, ಕೆಲವು ವಾರಗಳ ತರಬೇತಿ ಸಾಕು, ಹೆಣ್ಣುಮಕ್ಕಳ ಕೈಗೆ ಸಂಬಳ ಬರುತ್ತದೆ. ಮಾತಿನಲ್ಲಿ ತಪ್ಪೇನೂ ಇಲ್ಲ. ಯಾರ ನೆಲದಲ್ಲಿ, ಯಾವ ಕೂಲಿಗೆ, ಎಷ್ಟು ವರ್ಷಕ್ಕೆ ಎಂದು ಕೇಳತೊಡಗಿದಾಗ ಮಾತ್ರ ಹುಳುಕು ಕಾಣುತ್ತದೆ. 2010ರ ಭೂಕಂಪದ ನಂತರ ಹೈಟಿಯಲ್ಲಿ ಈ ವಾದವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ಆ ಪರೀಕ್ಷೆಯ ಫಲಿತಾಂಶವನ್ನು ಈಗ ಸಾವಧಾನವಾಗಿ ತೂಗಿ ನೋಡಬಹುದು.

2010ರ ಜನವರಿ 12ರ ಸಂಜೆ 7.0 ತೀವ್ರತೆಯ ಕಂಪನ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಪಶ್ಚಿಮಕ್ಕಿರುವ ಲೆಯೊಗಾನ್ ಬಳಿ ಹುಟ್ಟಿತು. ಸತ್ತವರು ಎರಡು ಲಕ್ಷಕ್ಕೂ ಮೇಲೆ ಎಂದು ಅಲ್ಲಿನ ಸರ್ಕಾರ ಹೇಳಿತು. ಆ ಸಂಖ್ಯೆಯ ಬಗ್ಗೆ ತಕರಾರುಗಳಿದ್ದರೂ ನಗರ ನೆಲಸಮವಾದದ್ದರ ಬಗ್ಗೆ ಯಾರದೂ ತಕರಾರಿಲ್ಲ. ರಾಜಧಾನಿಯ ಪಕ್ಕದ ಕಾರ್ಫೂರ್‌ನಲ್ಲಿ ಟೀ ಶರ್ಟ್ ಹೊಲಿಯುತ್ತಿದ್ದ ಕಾರ್ಖಾನೆಯೊಂದು ಕುಸಿದು ನೂರಾರು ಕಾರ್ಮಿಕರು ಒಳಗೇ ಸತ್ತರು. ನಾಲ್ಕೇ ತಿಂಗಳಲ್ಲಿ, ಮೇ ತಿಂಗಳಿನಲ್ಲಿ, ಅಮೆರಿಕದ ಸಂಸತ್ತು ಹೆಲ್ಪ್ ಕಾಯ್ದೆಯನ್ನು ಅಂಗೀಕರಿಸಿ ಹೈಟಿಯಲ್ಲಿ ಹೊಲಿದ ಬಟ್ಟೆಗಿದ್ದ ಸುಂಕ ವಿನಾಯಿತಿಯನ್ನು ಹಿಗ್ಗಿಸಿತು. ಅದೇ ವರ್ಷ ಅಮೆರಿಕದ ನೆರವಿನಿಂದ ರಾಜಧಾನಿಯಲ್ಲಿ ಗಾರ್ಮೆಂಟ್ಸ್ ತರಬೇತಿ ಕೇಂದ್ರ ಶುರುವಾಯಿತು; ವರ್ಷಕ್ಕೆ ಎರಡು ಸಾವಿರ ಜನರನ್ನು ತಯಾರು ಮಾಡುವುದು ಅದರ ಗುರಿ. 2011ರ ಜನವರಿಯಲ್ಲಿ ಕೊರಿಯಾದ ದೊಡ್ಡ ಉಡುಪು ಕಂಪನಿ ಸೇ-ಆ ಜೊತೆ ಒಪ್ಪಂದವಾಯಿತು. 2012ರ ಅಕ್ಟೋಬರ್ 22ರಂದು ಈಶಾನ್ಯದ ಕಾರಕೋಲ್‌ನಲ್ಲಿ ಕೈಗಾರಿಕಾ ಪಾರ್ಕ್ ಉದ್ಘಾಟನೆಯಾದಾಗ ಅಧ್ಯಕ್ಷ ಮಿಶೆಲ್ ಮಾರ್ಟೆಲಿ ಜೊತೆಗೆ ಹಿಲರಿ ಕ್ಲಿಂಟನ್, ಬಿಲ್ ಕ್ಲಿಂಟನ್ ಇಬ್ಬರೂ ಇದ್ದರು. ಮುಂದೆ ಅಲ್ಲಿ 65,000 ಉದ್ಯೋಗಗಳು ಹುಟ್ಟುತ್ತವೆ ಎಂದು ಹೇಳಲಾಯಿತು. ಸೇ-ಆ ಒಂದೇ 20,000 ಕೊಡುವುದಾಗಿ ಮಾತು ಕೊಟ್ಟಿತ್ತು.

ಇಷ್ಟು ಬೇಗ ಇಷ್ಟೆಲ್ಲ ಹೇಗಾಯಿತು? ಯೋಜನೆ ಭೂಕಂಪಕ್ಕಿಂತ ಹಳೆಯದಾಗಿತ್ತು. 2008ರಲ್ಲಿ ನಾಲ್ಕು ಚಂಡಮಾರುತಗಳು ಹೈಟಿಯನ್ನು ಒಂದರ ಹಿಂದೊಂದು ಬಡಿದ ಮೇಲೆ ಅರ್ಥಶಾಸ್ತ್ರಜ್ಞ ಪಾಲ್ ಕೋಲಿಯರ್ 2009ರ ಜನವರಿಯಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಒಂದು ವರದಿ ಕೊಟ್ಟಿದ್ದರು. ಬಡತನದಿಂದಾಗಿ ಇಲ್ಲಿ ಕೂಲಿ ಅಗ್ಗ, ಅಮೆರಿಕದ ಮಾರುಕಟ್ಟೆ ಹತ್ತಿರ, 2006 ಮತ್ತು 2008ರ ಹೋಪ್ ಕಾಯ್ದೆಗಳಿಂದ ಸುಂಕವೂ ಇಲ್ಲ. ಆದ್ದರಿಂದ ಗಾರ್ಮೆಂಟ್ಸ್ ವಲಯಗಳನ್ನು ಕಟ್ಟಿ ಎಂಬುದು ಅದರ ತಿರುಳು. ಮದ್ದು ಮೊದಲೇ ಅರೆದಿಟ್ಟಿತ್ತು, ಭೂಕಂಪ ರೋಗಿಯನ್ನು ತಂದು ಮಲಗಿಸಿತು.

ಸ್ಥಳದ ಆಯ್ಕೆಯನ್ನೇ ನೋಡಿ. ಕಾರಕೋಲ್ ಇರುವುದು ಬೆಟ್ಟಸಾಲುಗಳ ಆಚೆ, ಉತ್ತರ ಕರಾವಳಿಯಲ್ಲಿ. ಭೂಕಂಪದಲ್ಲಿ ಆ ಭಾಗದ ಮನೆಗಳು ಉರುಳಿರಲಿಲ್ಲ. ಸಮರ್ಥನೆ ಇಲ್ಲದಿರಲಿಲ್ಲ. ಕೆಲಸ, ಆಸ್ಪತ್ರೆ, ಕಾಲೇಜು ಎಲ್ಲವೂ ಪೋರ್ಟ್-ಒ-ಪ್ರಿನ್ಸ್‌ನಲ್ಲೇ ಗುಡ್ಡೆಬಿದ್ದದ್ದರಿಂದಲೇ ಅಷ್ಟು ಜನ ಅಲ್ಲಿ ಸತ್ತರು, ಹಾಗಾಗಿ ಬೆಳವಣಿಗೆಯನ್ನು ಹೊರಗೆ ಹಂಚಬೇಕು ಎಂಬ ಮಾತು ನ್ಯಾಯವಾದದ್ದೇ. ಆದರೆ ಟೆಂಟಿನಲ್ಲಿ ಕೂತ ಲೆಯೊಗಾನ್‌ನ ಹೆಂಗಸಿಗೆ ಕಾರಕೋಲ್‌ನ ಕೆಲಸ ಕೈಗೆಟುಕುವ ದೂರದಲ್ಲಿರಲಿಲ್ಲ. ಸಂತ್ರಸ್ತರ ಹೆಸರಿನಲ್ಲಿ ಕೂಡಿದ ಹಣ ಸಂತ್ರಸ್ತರಿಲ್ಲದ ಊರಿಗೆ ಹೋಯಿತು.

ಹೋಗಿ ಇಳಿದದ್ದಾದರೂ ಖಾಲಿ ಜಾಗದ ಮೇಲಲ್ಲ. ಪಾರ್ಕಿಗೆ ಬಳಸಿದ 246 ಹೆಕ್ಟೇರ್ ಆ ಸೀಮೆಯ ಒಳ್ಳೆಯ ಉಳುವ ಭೂಮಿ. ಅಲ್ಲಿ ಬೆಳೆ ತೆಗೆಯುತ್ತಿದ್ದ 366 ಕುಟುಂಬಗಳನ್ನು 2011ರ ಜನವರಿಯಲ್ಲಿ, ಭೂಕಂಪಕ್ಕೆ ವರ್ಷ ತುಂಬುವ ಹೊತ್ತಿಗೆ, ಬೇಲಿ ಹಾಕಿ ಹೊರಗೆ ಕಳಿಸಲಾಯಿತು. ನಿಂತ ಬೆಳೆಯೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬದಲಿ ಭೂಮಿ ಕೊಡುವ ಮಾತು ಮಾತಾಗಿಯೇ ಉಳಿಯಿತು. ಪಕ್ಕದಲ್ಲೇ ಮ್ಯಾಂಗ್ರೋವ್ ಕಾಡಿನ ಕೊಲ್ಲಿ ಇದ್ದರೂ ಸವಿಸ್ತಾರ ಪರಿಸರ ಅಧ್ಯಯನ ನಡೆದದ್ದು ಜಾಗ ಆರಿಸಿಯಾದ ಮೇಲೆ. ರೈತರು ಸಂಘ ಕಟ್ಟಿ, ಪಾರ್ಕಿಗೆ ಹಣ ಹಾಕಿದ್ದ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ದೂರು ವಿಭಾಗಕ್ಕೆ 2017ರ ಜನವರಿಯಲ್ಲಿ ದೂರು ಕೊಟ್ಟರು. 2018ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು: ತೀರಾ ಕಷ್ಟದಲ್ಲಿದ್ದ 100 ಕುಟುಂಬಗಳಿಗೆ ಭೂಮಿ, ಉಳಿದವರಿಗೆ ಪಾರ್ಕಿನಲ್ಲಿ ಕೆಲಸ, ಕೃಷಿ ಸಲಕರಣೆ, ಸಣ್ಣ ವ್ಯಾಪಾರಕ್ಕೆ ಸಹಾಯ, ತರಬೇತಿ. ಎಂಟು ವರ್ಷ ಹೋರಾಡಿ ಪಡೆದ ಪರಿಹಾರದ ಪಟ್ಟಿಯಲ್ಲೂ ತರಬೇತಿ ಇತ್ತು. ಬೇಸಾಯ ಬಲ್ಲವರಿಗೆ ಮತ್ತೆ ಕಲಿಸುವ ಅಗತ್ಯ ಬಿದ್ದದ್ದು ಅವರ ಹೊಲ ಹೋದದ್ದರಿಂದ.

ಇನ್ನು ಕಲಿಸಿದ್ದೇನು? ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಲೈನಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಟೀ ಶರ್ಟ್ ಎಂದರೆ ಭುಜ ಕೂಡಿಸುವುದು, ಕತ್ತಿಗೆ ರಿಬ್ ಹಾಕುವುದು, ಲೇಬಲ್ ಕೂರಿಸುವುದು, ತೋಳು ಸೇರಿಸುವುದು, ಪಕ್ಕ ಹೊಲಿಯುವುದು, ಕೆಳಗೆ ಮಡಚಿ ಹೊಲಿಯುವುದು, ದಾರ ಕತ್ತರಿಸುವುದು, ಚೆಕ್ಕಿಂಗ್. ಪ್ರತಿ ಹಂತಕ್ಕೂ ಒಬ್ಬರು. ತೋಳು ಸೇರಿಸುವವಳು ಓವರ್‌ಲಾಕ್ ಮಷಿನ್ ಮುಂದೆ ಬಂಡಲ್ ಬಿಚ್ಚಿ, ತೋಳಿನ ಅಂಚನ್ನು ಮೈ ತುಂಡಿಗೆ ಹೊಂದಿಸಿ, ಹಿಗ್ಗದಂತೆ ಜಗ್ಗದಂತೆ ತಿರುಗಿಸಿ ಪಕ್ಕಕ್ಕೆ ಎಸೆಯುತ್ತಾಳೆ. ಕೈಗೆ ವೇಗ ಬರುವುದೇ ಅವಳ ವಿದ್ಯೆ. ವರ್ಷಗಟ್ಟಲೆ ಮಾಡಿದರೂ ಅವಳಿಗೆ ಪೂರ್ತಿ ಅಂಗಿ ಕತ್ತರಿಸಿ ಹೊಲಿಯಲು ಬರಬೇಕೆಂದಿಲ್ಲ. ಊರಿನ ದರ್ಜಿಗೆ ಕೆಲಸ ಹೋದರೆ ಮನೆ ಜಗಲಿಯಲ್ಲಿ ಮಷಿನ್ ಹಾಕಿಕೊಂಡು ಬದುಕಬಹುದು. ತೋಳು ಮಾತ್ರ ಸೇರಿಸಬಲ್ಲವಳ ವಿದ್ಯೆಗೆ ಕಾರ್ಖಾನೆ ಬಿಟ್ಟು ಬೇರೆ ಗಿರಾಕಿ ಇಲ್ಲ. ಕಾರಕೋಲ್‌ನಂಥ ಕಡೆ ಆ ಕಾರ್ಖಾನೆಯೂ ಹೆಚ್ಚುಕಡಿಮೆ ಒಂದೇ.

ಉದ್ಯಮದ ಲಾಭ ಕೂಡುವ ವಿದ್ಯೆಗಳು ಬೇರೆ ಇವೆ: ಪ್ಯಾಟರ್ನ್ ತೆಗೆಯುವುದು, ಬಟ್ಟೆ ಖರೀದಿ, ಬಣ್ಣ ಹಾಕುವುದು, ದರ ಕುದುರಿಸುವುದು, ಬ್ರ್ಯಾಂಡುಗಳಿಂದ ನೇರ ಆರ್ಡರ್ ತರುವುದು. ಇವು ಹೈಟಿಯಲ್ಲಿ ಬೇರೂರಲಿಲ್ಲ, ಬೇರೂರಬೇಕೆಂದು ಯೋಜನೆ ಒತ್ತಾಯಿಸಲೂ ಇಲ್ಲ. ಅಮೆರಿಕದ ಕಾಯ್ದೆಯ ಆಕರ್ಷಣೆಯೇ ಹೊರದೇಶದ ಬಟ್ಟೆಯನ್ನು ನಿಗದಿತ ಮಿತಿಯೊಳಗೆ ತಂದು ಇಲ್ಲಿ ಹೊಲಿದು ಸುಂಕವಿಲ್ಲದೆ ಸಾಗಿಸಬಹುದು ಎಂಬುದಾಗಿತ್ತು. ಬಟ್ಟೆ ಹೊರಗಿನದು, ಆರ್ಡರ್ ಹೊರಗಿನದು, ಮಾಲೀಕರು ಹೊರಗಿನವರು, ಒಳಗಿನದು ಕೂಲಿಯೊಂದೇ. ಹಾಗಿದ್ದಾಗ ತರಬೇತಿ ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಕಂಪನಿಗೆ ಬೇಕಾದಷ್ಟನ್ನೇ ಕಲಿಸುತ್ತದೆ. ಅಂದರೆ ಕಂಪನಿಯ ನೇಮಕಾತಿ ಖರ್ಚನ್ನು ನೆರವಿನ ಹಣ ಹೊತ್ತಿತು.

ಕೂಲಿಯಾದರೂ ಸರಿಯಾಗಿ ಸಿಕ್ಕಿತೆ? 2009ರ ಕಾನೂನಿನ ಪ್ರಕಾರ 2012ರ ಅಕ್ಟೋಬರ್‌ನಿಂದ ಪೀಸ್ ರೇಟಿನವರಿಗೆ ಎಂಟು ಗಂಟೆಯ ದಿನಕ್ಕೆ 300 ಗೂರ್ಡ್ (ಹೈಟಿಯ ಹಣ) ಗಿಟ್ಟುವಂತೆ ದರ ಇಡಬೇಕಿತ್ತು; ಆಗಿನ ಲೆಕ್ಕದಲ್ಲಿ ಸುಮಾರು ಏಳು ಡಾಲರ್. ಅದಕ್ಕಿಂತ ಕೆಳಗೆ 200 ಗೂರ್ಡಿನ ತಳಮಟ್ಟ ಇತ್ತು. ಆಟ ನಡೆಯುವುದು ಈ ಎರಡರ ನಡುವೆ. ಸಾವಿರ ತುಂಡು ಮುಗಿಸಿದರೆ 300 ಎಂದು ಟಾರ್ಗೆಟ್ ಇಟ್ಟರೆಂದುಕೊಳ್ಳಿ. ಅನುಭವಿ ಕೈಯೂ 660 ದಾಟದಂತಿದ್ದರೆ ಅವಳಿಗೆ ಸಿಗುವುದು 200ರ ಆಸುಪಾಸು. ಕಾನೂನು ಮುರಿದಂತೆ ಕಾಣುವುದಿಲ್ಲ, 300 ಮಾತ್ರ ಯಾರ ಕೈಗೂ ಬರುವುದಿಲ್ಲ. ಕಾರ್ಮಿಕರ ಹಕ್ಕುಗಳ ಮೇಲೆ ಕಣ್ಣಿಡುವ ವರ್ಕರ್ ರೈಟ್ಸ್ ಕನ್ಸೋರ್ಟಿಯಂ 2013ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವರದಿ, ಕಾರಕೋಲ್‌ನಲ್ಲಿ ಕಾರ್ಮಿಕರಿಗೆ ಕಾನೂನು ಹೇಳಿದ್ದಕ್ಕಿಂತ ಸರಾಸರಿ ಶೇ 34ರಷ್ಟು ಕಡಿಮೆ ಸಿಗುತ್ತಿತ್ತು ಎಂದು ಲೆಕ್ಕ ಹಾಕಿತು. ರಾಜಧಾನಿಯ ಹಳೆಯ ಕಾರ್ಖಾನೆಗಳ ಕಥೆಯೂ ಹೆಚ್ಚು ಬೇರೆ ಇರಲಿಲ್ಲ. ಮಾದರಿಯಾಗಬೇಕೆಂದು ಕಟ್ಟಿದ ಪಾರ್ಕು ಹಳೆಯ ಚಾಳಿಯನ್ನೇ ಮುಂದುವರಿಸಿತು.

ಒಳ್ಳೆಯದನ್ನು ಮುಚ್ಚಿಡಬಾರದು. ಪಾರ್ಕಿಗಾಗಿ ಅಮೆರಿಕದ ಹಣದಲ್ಲಿ ಕಟ್ಟಿದ 10 ಮೆಗಾವಾಟ್ ವಿದ್ಯುತ್ ಸ್ಥಾವರದಿಂದ ಸುತ್ತಲಿನ ಊರುಗಳ ಮನೆಗಳಿಗೂ ಕರೆಂಟು ಬಂತು. ಕತ್ತಲಲ್ಲೇ ಇದ್ದ ಸೀಮೆಗೆ ಅದು ದೊಡ್ಡ ಬದಲಾವಣೆ. ಕಂಪನಿ ಮಕ್ಕಳಿಗೊಂದು ಶಾಲೆ ಕಟ್ಟಿಸಿತು. 2017ರ ಸುಮಾರಿಗೆ ಪಾರ್ಕಿನಲ್ಲಿ 13,000ದಷ್ಟು ಜನ ದುಡಿಯುತ್ತಿದ್ದರು. ಹೇಳಿದ 65,000ಕ್ಕೆ ಅದು ಐದನೆಯ ಒಂದು ಪಾಲು, ಆದರೂ ಅಷ್ಟು ಮನೆಗಳಿಗೆ ತಿಂಗಳ ಸಂಬಳ ಹೋದದ್ದು ಸುಳ್ಳಲ್ಲ. ಇದರ ಎದುರಿಗೆ ಇಡಬೇಕಾದವು: ಹತ್ತಿರದಲ್ಲಿ ಕಟ್ಟುವುದಾಗಿದ್ದ ಹೊಸ ಬಂದರು ಕೈಬಿಟ್ಟುಹೋಯಿತು. ಭೂಕಂಪದ ನೆರವಿನಲ್ಲಿ ಅಮೆರಿಕ 15,000 ಮನೆ ಕಟ್ಟಿಸುವುದಾಗಿ ಹೊರಟು, ಗುರಿಯನ್ನು 2,649ಕ್ಕೆ ಇಳಿಸಿ, ಖರ್ಚನ್ನು 5.9 ಕೋಟಿ ಡಾಲರ್‌ನಿಂದ 9.7 ಕೋಟಿಗೆ ಏರಿಸಿತು ಎಂದು ಅದರದೇ ಲೆಕ್ಕಪರಿಶೋಧನಾ ಸಂಸ್ಥೆ 2013ರಲ್ಲಿ ಬರೆಯಿತು.

ಯೋಜನೆಯ ಪರವಾಗಿ ಒಂದು ಗಟ್ಟಿ ವಾದ ಇದೆ. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ಹತ್ಯೆಯಾದ ಮೇಲೆ ಗ್ಯಾಂಗುಗಳ ಹಾವಳಿ, ಇಂಧನದ ಅಭಾವ, ಮುಚ್ಚಿದ ರಸ್ತೆಗಳ ನಡುವೆ ಯಾವ ಕಾರ್ಖಾನೆ ಉಳಿದೀತು, ಇದಕ್ಕೆ ಹೊಲಿಗೆಯನ್ನು ದೂರಿ ಏನು ಪ್ರಯೋಜನ ಎಂಬುದು ಆ ವಾದ. ಸಾವಿರಾರು ಜನ ಕೆಲಸ ಕಳೆದುಕೊಂಡದ್ದಕ್ಕೆ ಆ ಅರಾಜಕತೆ ದೊಡ್ಡ ಕಾರಣ ಎಂಬುದು ನಿಜ. ಆದರೆ ಇಂಥದ್ದು ಹೈಟಿಗೆ ಹೊಸದಾಗಿರಲಿಲ್ಲ. ಡುವಾಲಿಯೆ ಕುಟುಂಬದ ಆಳ್ವಿಕೆಯಲ್ಲೂ ಅಗ್ಗದ ಕೂಲಿ ನಂಬಿ ಬಟ್ಟೆ, ಬೇಸ್‌ಬಾಲ್ ಹೊಲಿಯುವ ಕಾರ್ಖಾನೆಗಳು ಎದ್ದಿದ್ದವು. 1991ರ ಸೇನಾ ದಂಗೆ, ಅದರ ಹಿಂದೆ ಬಂದ ವ್ಯಾಪಾರ ದಿಗ್ಬಂಧನದ ಹೊಡೆತಕ್ಕೆ ಅವು ಗಂಟುಮೂಟೆ ಕಟ್ಟಿದವು. ಹೊಲಿಗೆ ಮಷಿನ್ ಕಳಚಿ ಕಂಟೇನರಿಗೆ ತುಂಬಲು ಹೆಚ್ಚು ದಿನ ಬೇಡ. ಸುಂಕ ವಿನಾಯಿತಿಗೂ ಗಡುವಿತ್ತು. 2015ರಲ್ಲಿ ಅದನ್ನು 2025ರ ಸೆಪ್ಟೆಂಬರ್‌ವರೆಗೆ ಮಾತ್ರ ವಿಸ್ತರಿಸಲಾಗಿತ್ತು. ಹೋಗಬಲ್ಲ ಉದ್ಯಮಕ್ಕಾಗಿ, ಹೋಗಲಾರದ ನೆಲವನ್ನು ಕೊಟ್ಟದ್ದು ಮುನ್ನೋಟವಿಲ್ಲದ ಕೆಲಸ. ಅಗ್ಗದ ಅಮೆರಿಕನ್ ಅಕ್ಕಿಗಾಗಿ ಹೈಟಿಯ ಅಕ್ಕಿ ಸುಂಕ ಇಳಿಸುವಂತೆ ಒತ್ತಡ ಹಾಕಿದ್ದು ತಪ್ಪಾಯಿತು, ಅದರಿಂದ ಅಲ್ಲಿನ ರೈತರು ಮುಳುಗಿದರು ಎಂದು ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡಿದ್ದರು. ಹತ್ತು ತಿಂಗಳಲ್ಲೇ ಕಾರಕೋಲ್‌ನ ಹೊಲಕ್ಕೆ ಬೇಲಿ ಬಿತ್ತು.

ಹೀಗಲ್ಲದೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರು ಹೈಟಿಯದೇ ಇನ್ನೊಂದು ಊರನ್ನು ನೋಡಬೇಕು. ಡೊಮಿನಿಕನ್ ಗಡಿಗೆ ಅಂಟಿದ ವಾನಾಮೆಂತ್‌ನಲ್ಲಿ ಕೊಡೆವಿ ಎಂಬ ಗಾರ್ಮೆಂಟ್ಸ್ ವಲಯ 2003ರಲ್ಲಿ ಶುರುವಾಯಿತು. ಅಲ್ಲೂ ರೈತರ ಭೂಮಿಯ ತಕರಾರಿತ್ತು; 2004ರಲ್ಲಿ ಸಂಘ ಕಟ್ಟಿದ್ದಕ್ಕೆ ನೂರಾರು ಕಾರ್ಮಿಕರನ್ನು ಹೊರಗೆ ಹಾಕಲಾಯಿತು. ವ್ಯತ್ಯಾಸವಾದದ್ದು ಸಾಲದ ಷರತ್ತಿನಲ್ಲಿ. ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಕೊಟ್ಟ ಸಾಲಕ್ಕೆ ಸಂಘ ಕಟ್ಟುವ ಹಕ್ಕನ್ನು ಮಾನ್ಯ ಮಾಡುವ ಷರತ್ತು ಅಂಟಿಕೊಂಡಿತ್ತು. ಕಾರ್ಮಿಕರು ಅದನ್ನು ಹಿಡಿದು ಜಗ್ಗಿದರು, ಹೊರಗಿನ ಸಂಘಟನೆಗಳು ದನಿಗೂಡಿಸಿದವು. ಮರುವರ್ಷ ಕೆಲಸ ಕಳೆದುಕೊಂಡವರನ್ನು ವಾಪಸ್ ತೆಗೆದುಕೊಳ್ಳುವ ಒಪ್ಪಂದವೂ ಸಂಘದ ಜೊತೆಗಿನ ಕೂಲಿ ಕರಾರೂ ಆದವು. ಕೂಲಿ ಅದರಿಂದ ರಾತ್ರೋರಾತ್ರಿ ದೊಡ್ಡದಾಗಲಿಲ್ಲ, ಆದರೆ ಟಾರ್ಗೆಟ್ ಏರಿಸಿದರೆ ಎದುರು ಕೂತು ಕೇಳುವವರು ಹುಟ್ಟಿದರು. ಕಾರಕೋಲ್‌ಗೆ ಕೋಟಿಗಟ್ಟಲೆ ಡಾಲರ್ ಹೋಗುವಾಗ ಇಂಥ ಷರತ್ತಿಗೆ ಕೊಡೆವಿಯ ಅನುಭವ ಕಣ್ಣೆದುರೇ ಇತ್ತು.

ಗಾರ್ಮೆಂಟ್ಸ್ ಕೆಲಸಗಾರ್ತಿ ಕಾರ್ಖಾನೆ ಬಿಡುವಾಗ ಏನನ್ನು ಒಯ್ಯುತ್ತಾಳೆ ಎಂಬುದು ನಮಗೂ ಹೊಸ ಪ್ರಶ್ನೆಯಲ್ಲ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಕಣ್ಣು, ಬೆನ್ನು ಸೋತು ಆ ವಯಸ್ಸಿನವರೆಗೆ ಮಷಿನ್ ಮುಂದೆ ಕೂರುವವರು ಕಡಿಮೆ. ಬಿಡುವಾಗ ಒಟ್ಟಿಗೆ ಸಿಗುವ ಆ ದುಡ್ಡೇ ಅವರ ಉಳಿಕೆ. ಅದನ್ನು ಮುಟ್ಟಿದಾಗ ಅವರು ಸುಮ್ಮನಿರಲಿಲ್ಲ. ಹೈಟಿಯ ಕಾರ್ಮಿಕರೂ ಸುಮ್ಮನಿರಲಿಲ್ಲ. 2022ರ ಫೆಬ್ರುವರಿಯಲ್ಲಿ ದಿನಕ್ಕೆ 1,500 ಗೂರ್ಡ್ ಕೇಳಿ ಬೀದಿಗಿಳಿದರು. ಸರ್ಕಾರ 500 ಇದ್ದದ್ದನ್ನು 685ಕ್ಕೆ ಏರಿಸಿತು. ಬೆಲೆಗಳ ಓಟದ ಮುಂದೆ ಅದು ಏನೂ ಸಾಲದು, ಆದರೆ ಆ ಏರಿಕೆ ಬಂದದ್ದು ತರಬೇತಿ ಪ್ರಮಾಣಪತ್ರದಿಂದಲ್ಲ, ಬೀದಿಗಿಳಿದದ್ದರಿಂದ.

ಕಾರಕೋಲ್ ಅನ್ನು ಪೂರ್ತಿ ವಿಫಲ ಎನ್ನುವುದು ಅವಸರದ ಮಾತು. ಅದು ಕೆಲಸ ಕೊಟ್ಟಿತು, ಕರೆಂಟು ಕೊಟ್ಟಿತು. ಆದರೆ ಸಂತ್ರಸ್ತ ದೇಶದ ಪುನರ್ನಿರ್ಮಾಣ ಎಂಬ ಹೆಸರಿಗೆ ಅದು ಅರ್ಹವಲ್ಲ. ಅಗ್ಗದ ಕೂಲಿಯ ಹಳೆಯ ಯೋಜನೆಗೆ ನೆರವಿನ ಹಣ ಸಿಕ್ಕ ಪ್ರಕರಣ ಅದು. ತರಬೇತಿ ಪಡೆದವರ ತಲೆ ಎಣಿಸಿ ವರದಿ ಬರೆಯುವ ಪದ್ಧತಿ ಇದನ್ನು ಮರೆಮಾಚಲು ಅನುಕೂಲವಾಯಿತು. ಇಂಥ ಯೋಜನೆಗೆ ಸಾಲ, ಅನುದಾನ ಕೊಡುವವರು ಕೊನೆಯ ಕಂತನ್ನು ತಡೆದಿಟ್ಟುಕೊಳ್ಳಲಿ. ತರಬೇತಿ ಮುಗಿದು ಎರಡು ವರ್ಷವಾದ ಮೇಲೆ ಸಂಬಳದ ಚೀಟಿಗಳನ್ನು ಹೊರಗಿನವರು ಪರಿಶೀಲಿಸಲಿ. ಕಾನೂನಿನ ಪೂರ್ತಿ ಕೂಲಿ ಸಿಕ್ಕಿದೆಯೆ, ಸಂಘ ಕಟ್ಟಿದವರು ಕೆಲಸದಲ್ಲಿ ಉಳಿದಿದ್ದಾರೆಯೆ, ಭೂಮಿ ಕೊಟ್ಟವರಿಗೆ ಭೂಮಿ ಸಿಕ್ಕಿದೆಯೆ ಎಂದು ನೋಡಿಯೇ ಆ ಕಂತು ಬಿಡುಗಡೆಯಾಗಲಿ. ಬಂಡವಾಳ ಹೂಡುವವರು ಇದಕ್ಕೆ ಒಪ್ಪದೆ ಬೇರೆ ದೇಶಕ್ಕೆ ಹೋಗುತ್ತೇವೆಂದರೆ, ಅವರು ಎಷ್ಟು ವರ್ಷ ಇರಲು ಬಂದಿದ್ದರೆಂಬುದು ಹೊಲಕ್ಕೆ ಬೇಲಿ ಬೀಳುವ ಮೊದಲೇ ಗೊತ್ತಾಗುತ್ತದೆ.