ಒಬ್ಬನೇ ಉಣ್ಣುವವನ ಮುಂದೆ

ಡೇವಿಡ್ ಗೆಲ್ಬ್ ನಿರ್ದೇಶಿಸಿದ 2011ರ ಸಾಕ್ಷ್ಯಚಿತ್ರ ‘ಜಿರೋ ಡ್ರೀಮ್ಸ್ ಆಫ್ ಸುಶಿ’ ಟೋಕಿಯೊದ ಗಿಂಜಾ ಪೇಟೆಯ ನೆಲಮಾಳಿಗೆಯಲ್ಲಿರುವ, ಬರೀ 10 ಆಸನಗಳ ದುಬಾರಿ ಹೋಟೆಲಿನದು. ಚಿತ್ರದಲ್ಲಿ ಹೇಳುವ ಬೆಲೆ 30,000 ಯೆನ್‌ನಿಂದ ಶುರು. ಒಬ್ಬನೇ ಹೋಗಿ ಅಷ್ಟು ದುಡ್ಡು ಸುರಿದರೆ ನಮ್ಮಲ್ಲಿ ‘ಪಾಪ, ಯಾರೂ ಇಲ್ವೇನೋ’ ಅಂದಾರು. ಅಲ್ಲಿ ಹಾಗಲ್ಲ. ಅನ್ನದ ಮೇಲೆ ಮೀನಿಟ್ಟು ಸುಶಿ ಕಟ್ಟುವ ವೃದ್ಧ ಜಿರೋ ಒನೊ ಎದುರಿಗೇ ನಿಂತಿರುತ್ತಾರೆ. ಎಡಗೈಯವರೆಂದು ಕಂಡರೆ ತುತ್ತನ್ನು ಎಡಕ್ಕೇ ಇಡುತ್ತಾರೆ. ಚಿತ್ರದ ಜೀವ ಇಲ್ಲಿದೆ.

ಕೊರತೆಯೂ ಇಲ್ಲೇ. ಎಷ್ಟು ಸಲ ಹೋದರೂ ಅಳುಕು ತಪ್ಪದು ಎಂದು ಆಹಾರ ವಿಮರ್ಶಕರೊಬ್ಬರು ಅದರಲ್ಲೇ ಹೇಳುತ್ತಾರೆ. ಕ್ಯಾಮೆರಾ ಆ ಅಳುಕಿನ ಬಳಿ ನಿಲ್ಲದೆ ಅಡುಗೆಯವರ ಕಡೆಗೇ ಓಡುತ್ತದೆ. ಬಡಿಸುವವರು ಗಮನಿಸಿದರೆ ಒಂಟಿತನ ಕಳೆದೀತು, ನಿಜ. ಆದರೆ ಗಮನ ಬೇರೆ, ಸಲಿಗೆ ಬೇರೆ. ಸಲಿಗೆಯಿಲ್ಲದ ಊಟ ಎಷ್ಟು ರುಚಿಯಾದರೂ ನನಗೆ ಪರೀಕ್ಷೆಯಂತೆಯೇ ಕಂಡಿತು.