ಊಟದ ಡಬ್ಬಿಯಲ್ಲಿ ಹನ್ನೊಂದು ಸ್ಕ್ರೂ

ಫೋನು, ಬೈಕು, ಬಿರಿಯಾನಿ, ಸಿನಿಮಾ ಎಲ್ಲದಕ್ಕೂ ನಮ್ಮಲ್ಲಿ ರಿವ್ಯೂ ಇದೆ. ಸ್ಕ್ರೂಗೆ ಮಾತ್ರ ಇಲ್ಲ. ಆನ್‌ಲೈನಲ್ಲಿ ಸ್ಕ್ರೂ ಕೊಂಡವರು ಪಾರ್ಸೆಲ್ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತಿ, "ಗುಡ್ ಪ್ರಾಡಕ್ಟ್" ಅಂತ ಬರೆದು ಮರೆತುಬಿಡ್ತಾರೆ. ನಾನೂ ಹಾಗೇ ಒತ್ತಿದ್ದೆ. ಆ ಐದು ಸ್ಟಾರನ್ನು ವಾಪಸ್ ತಗೊಳ್ಳೋದಕ್ಕೆ ಈ ಬರಹ.

ಹುಣಸೂರಿನಿಂದ ನಾಗರಹೊಳೆ ಕಾಡಿನ ಕಡೆಗೆ ಹೋದರೆ ಸಿಗುವ ಹನಗೋಡಿನ ಪಕ್ಕದ ಹಳ್ಳಿ ನಮ್ಮದು. ಲಕ್ಷ್ಮಣತೀರ್ಥದ ನೀರು ಬರುವಲ್ಲಿ ಭತ್ತ, ಮಿಕ್ಕ ಕಡೆ ಹೊಗೆಸೊಪ್ಪು. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಊರಿಗೆ ಹೋದವನು ಅಲ್ಲೇ ಕೂತು ಕೊಟ್ಟಿಗೆಗೆ ಹೊಸ ಶೆಡ್ ಹಾಕಿಸಿದೆ. ಕಬ್ಬಿಣದ ಪೈಪು, ಬಣ್ಣದ ಶೀಟು, ಸುಮಾರು ನಾನೂರು ಸ್ಕ್ರೂ. ಹುಣಸೂರಿನ ಹಾರ್ಡ್‌ವೇರ್ ಅಂಗಡಿಯವರು ಸ್ಕ್ರೂ ಒಂದಕ್ಕೆ ನಾಲ್ಕೂವರೆ ರೂಪಾಯಿ ಹೇಳಿದರು. ನಾನು ಫೋನ್ ತೆಗೆದು, ಅದೇ ಸೈಜು ಎರಡು ರೂಪಾಯಿ ಚಿಲ್ಲರೆಗೆ ಸಿಗೋದನ್ನು ತೋರಿಸಿದೆ. ಅವರು ವಾದ ಮಾಡಲಿಲ್ಲ. "ನಿಮ್ಮಿಷ್ಟ ಸಾರ್. ತಲೆ ಎರಡರದ್ದೂ ಒಂದೇ ಥರ ಕಾಣ್ತದೆ" ಅಂದರು. ಲಕ್ಷ ದಾಟಿದ ಖರ್ಚಿನಲ್ಲಿ ಒಂಬೈನೂರು ರೂಪಾಯಿ ಉಳಿಸಿದೆ ಅಂತ ಬೀಗಿದೆ.

ನಾಲ್ಕು ವರ್ಷ ಕಳೆದು ಏಪ್ರಿಲ್ ತಿಂಗಳ ಒಂದು ಸಂಜೆ ಗಾಳಿ ಮಳೆ ಬಂತು. ಅವ್ವನ ಫೋನು: "ಕೊಟ್ಟಿಗೆ ಶೀಟು ಹಾರೋಯ್ತು ಕನ ಮಗ. ಹಸಗೊಳ್ಗೆ ಏನೂ ಆಗಿಲ್ಲ ಬುಡು." ಅಂಚಿನ ಎರಡು ಶೀಟು ಕಿತ್ತು ಹೋಗಿ, ಒಂದು ಹೊಗೆಸೊಪ್ಪಿನ ಸಸಿ ಮಡಿ ಮೇಲೆ ಬಿದ್ದಿತ್ತು. ಇನ್ನೊಂದು ಹಾಲು ಕರೆಯೋ ಜಾಗದಲ್ಲೇ ಅಂಚು ಊರಿ ನಿಂತಿತ್ತು. ಅವ್ವ ಹಾಲು ಕರೆದು ಎದ್ದು ಹೋಗಿ ಕಾಲು ಗಂಟೆ ಆಗಿತ್ತಂತೆ. ಅದನ್ನು ಅವ್ವ ಹೇಳಲಿಲ್ಲ. ಎರಡು ದಿನ ಬಿಟ್ಟು ಅಪ್ಪ ಹೇಳಿದರು.

ಆಫೀಸಿನಲ್ಲಿ ಸಿಸ್ಟಮ್ ಬಿದ್ದರೆ ನಾವು ಪೋಸ್ಟ್‌ಮಾರ್ಟಮ್ ಮಾಡ್ತೀವಿ. ಯಾರದು ತಪ್ಪು ಅನ್ನೋದಕ್ಕಿಂತ ಮೊದಲು, ಏನಾಯ್ತು ಅಂತ ಬರೀತೀವಿ. ಶನಿವಾರ ಊರಿಗೆ ಹೋದವನು ಪೈಪಿನಲ್ಲಿ ಉಳಿದಿದ್ದ, ನೆಲದಲ್ಲಿ ಬಿದ್ದಿದ್ದ ಸ್ಕ್ರೂ ತುಂಡುಗಳನ್ನು ಇಕ್ಕಳದಿಂದ ಕಿತ್ತು, ಆರಿಸಿ, ಅವ್ವನ ಹಳೇ ಊಟದ ಡಬ್ಬಿಗೆ ಹಾಕಿಕೊಂಡೆ. ಒಟ್ಟು ಹನ್ನೊಂದು. ನೋಡ್ತಾ ಹೋದರೆ ಅವು ನಾಲ್ಕು ಬೇರೆ ಬೇರೆ ಥರ ಸತ್ತಿದ್ದವು.

ಮೊದಲ ಐದು ತುಕ್ಕಿನಿಂದ ಸತ್ತವು. ತಲೆ ಆಗಲೂ ಹೊಳೀತಿತ್ತು. ವಾಷರಿನ ಕೆಳಗಿನ ಕುತ್ತಿಗೆ ಮಾತ್ರ ಕೆಂಪಾಗಿ ಬೆಂಕಿಕಡ್ಡಿಯಷ್ಟು ಸಣ್ಣಗಾಗಿತ್ತು. ಕನ್ನಡಿಯಂತೆ ಮಿರುಗೋ ಅಗ್ಗದ ಸ್ಕ್ರೂಗೆ ಇರೋದು ವಿದ್ಯುತ್ತಿನಿಂದ ಲೇಪಿಸಿದ 5ರಿಂದ 8 ಮೈಕ್ರಾನ್ ಜಿಂಕ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಪಾಡುತ್ತೆ, ಹಾಗಾಗಿ ದಪ್ಪವೇ ಅದರ ಆಯಸ್ಸು. ಮಧ್ಯಮ ತೀವ್ರತೆಯ ವಾತಾವರಣದಲ್ಲಿ ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಜಿಂಕ್ ಸವೆಯುತ್ತೆ ಅಂತ ಐಎಸ್ಒ 9223 ಲೆಕ್ಕ ಇಟ್ಟಿದೆ. ಕೊಟ್ಟಿಗೆಯಲ್ಲಿ ಗಂಜಲದ ಅಮೋನಿಯಾ, ಹಸುಗಳ ಉಸಿರಿನ ತೇವ ಬೇರೆ. ಅದರ ಜೊತೆಗೆ ಭತ್ತಕ್ಕೆ ತಂದ ಪೊಟ್ಯಾಷ್ ಚೀಲವನ್ನೂ ಅದೇ ಮೂಲೆಯಲ್ಲಿ ಇಡ್ತಿದ್ದೆವು. ಅದರಲ್ಲಿರೋದು ಕ್ಲೋರೈಡ್. ಕ್ಲೋರೈಡ್ ಸೇರಿದರೆ ಸೊಪ್ಪು ಸರಿಯಾಗಿ ಉರಿಯಲ್ಲ ಅಂತ ಹೊಗೆಸೊಪ್ಪಿಗೆ ಆ ಗೊಬ್ಬರ ಹಾಕಬಾರದು ಅನ್ನೋದು ಅಪ್ಪನಿಗೆ ಬಾಯಿಪಾಠ. ಸ್ಕ್ರೂಗೂ ಅದು ಆಗಿಬರಲ್ಲ ಅನ್ನೋದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ತಮಾಷೆ ಏನಂದ್ರೆ, ಶೀಟಿನ ವಿಚಾರದಲ್ಲಿ ನಾನು ಭಾರಿ ಬುದ್ಧಿವಂತ. ಚದರ ಮೀಟರಿಗೆ 275 ಗ್ರಾಂ ಜಿಂಕ್ ಇರೋದೇ ಬೇಕು ಅಂತ ಹಠ ಹಿಡಿದಿದ್ದೆ. ಅದು ಎರಡೂ ಬದಿ ಸೇರಿದ ಲೆಕ್ಕ, ಒಂದು ಬದಿಗೆ ಸುಮಾರು 19 ಮೈಕ್ರಾನ್. ಅಷ್ಟು ಲೇಪ ಇರೋ ಶೀಟನ್ನು ಅದರ ಮೂರನೇ ಒಂದು ಭಾಗ ಲೇಪದ ಸ್ಕ್ರೂನಿಂದ ಹಿಡಿಸಿದ್ದೆ.

ಎರಡನೇ ಗುಂಪು, ಮೂರು. ಇವುಗಳಲ್ಲಿ ತುಕ್ಕೇ ಇಲ್ಲ. ತಲೆ ಕಚಕ್ಕನೆ ಮುರಿದಿದೆ, ಮುರಿದ ಜಾಗ ಬೂದು ಬಣ್ಣದ ಹರಳು ಹರಳು. ತೂತು ಕೊರೆಯೋ ಸ್ಕ್ರೂ ಗಟ್ಟಿ ಇರಲೇಬೇಕು, ಅದಕ್ಕೆ ಉಕ್ಕಿನ ಮೇಲ್ಮೈಯನ್ನು ಕಾಯಿಸಿ ಗಡುಸು ಮಾಡ್ತಾರೆ. ಅತಿಯಾಗಿ ಗಡುಸಾದ ಉಕ್ಕನ್ನು ಜಿಂಕ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಹೈಡ್ರೋಜನ್ ಒಳಗೆ ಸೇರಿಕೊಳ್ಳುತ್ತೆ. ಲೇಪ ಆದಮೇಲೆ ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಗೆ ಹಾಕಬೇಕು. ಆ ಕೆಲಸ ಉಳಿಸಿದರೆ ಸ್ಕ್ರೂ ಬಿಗಿದ ದಿನ ಚೆನ್ನಾಗೇ ಇರುತ್ತೆ. ಆಮೇಲೆ ಯಾವತ್ತೋ ಒಂದು ದಿನ, ಯಾರೂ ಮುಟ್ಟದೆ, ತಲೆ ಹಾರಿಹೋಗುತ್ತೆ.

ಮೂರನೇ ಗುಂಪಿನ ಎರಡು ಇಡಿಯಾಗಿ ಕಿತ್ತು ಬಂದಿದ್ದವು. ಇಲ್ಲಿ ಸ್ಕ್ರೂ ತಪ್ಪಿಲ್ಲ. ಎರಡು ಮಿಲಿಮೀಟರ್ ದಪ್ಪದ ಪೈಪು ಹೇಳಿದ್ದ ಕಡೆ ಅದಕ್ಕಿಂತ ತೆಳುವಾದದ್ದು ಬಂದಿತ್ತು. ನಾನು ಅಳೆದು ನೋಡಿರಲಿಲ್ಲ. ತಿರುಪಿನ ಎಳೆಗೆ ಕಚ್ಚೋಕೆ ಲೋಹವೇ ಇಲ್ಲದಿದ್ದರೆ ಎಂಥಾ ಸ್ಕ್ರೂ ತಂದರೂ ಅಷ್ಟೇ.

ಕೊನೇದು ಒಂದೇ ಒಂದು. ಸ್ಕ್ರೂ ಗಟ್ಟಿಮುಟ್ಟಾಗಿದೆ, ವಾಷರಿನ ರಬ್ಬರ್ ಮಾತ್ರ ಬಿಸಿಲಿಗೆ ಒಣಗಿದ ಕೆಸರಿನ ಥರ ಬಿರುಕು ಬಿಟ್ಟಿದೆ. ಕುತ್ತಿಗೆಗೆ ನೀರು ಇಳಿದದ್ದು ಇಂಥ ವಾಷರುಗಳಿಂದಲೇ. ಅಂದ್ರೆ ಮೊದಲ ಐವರ ಸಾವು ಶುರುವಾಗಿದ್ದು ಇಲ್ಲಿ.

ಗಾಳಿ ಅಷ್ಟೊಂದು ಜೋರಿತ್ತಾ ಅಂತ ಕೇಳಬಹುದು. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಇರೋ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರು, ಮೈಸೂರು ಎರಡಕ್ಕೂ ಸೆಕೆಂಡಿಗೆ 33 ಮೀಟರ್ ವೇಗ ಇಟ್ಟುಕೊಳ್ಳಿ ಅಂತ ಇದೆ. ಅದೇ ಕೋಡಿನ ಸೂತ್ರ ಹಾಕಿದರೆ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. ಮೂರು ಚದರ ಮೀಟರಿನ ಶೀಟನ್ನು ಅಷ್ಟು ಗಾಳಿ ಮೇಲಕ್ಕೆ ಹೀರಿದರೆ ಹೆಚ್ಚುಕಮ್ಮಿ ಇನ್ನೂರು ಕೆಜಿ. ಅಂಚು, ಮೂಲೆಗಳಲ್ಲಿ ಇನ್ನೂ ಜಾಸ್ತಿ. ಮಾಡು ಬೀಳದ ಹಾಗೆ ನೋಡಿಕೊಳ್ಳೋದು ಕಂಬದ ಕೆಲಸ, ಹಾರದ ಹಾಗೆ ನೋಡಿಕೊಳ್ಳೋದು ಸ್ಕ್ರೂ ಕೆಲಸ.

ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟು ಇಷ್ಟೂ ವಿವರಿಸಿದೆ. ಜಿಂಕು, ಹೈಡ್ರೋಜನ್ ಎಲ್ಲಾ ಕೇಳಿಸಿಕೊಂಡು ಅಪ್ಪ ಅಂದರು: "ಹರಾಜಿಗೆ ತರೋ ಬೇಲಿನ ಮೇಲಗಡೆ ಎಲ್ರೂ ಒಳ್ಳೇ ಸೊಪ್ಪೇ ಇಟ್ಟಿರ್ತಾರೆ ಕಲಾ. ಕೈ ಒಳಗೆ ಹಾಕಿ ನೋಡ್ಬೇಕು." ಸ್ಕ್ರೂ ಬಗ್ಗೆ ನಾನು ಓದಿದ ಎಲ್ಲದಕ್ಕಿಂತ ಈ ಮಾತು ಉಪಯೋಗಕ್ಕೆ ಬಂತು. ಅಂಗಡಿ ಕೌಂಟರಿನಲ್ಲಿ ನಮಗೆ ಕಾಣೋದು ಹೊಳಪು, ತೂಕ, ಬೆಲೆ. ಮಾರೋನಿಗೂ ಅದು ಗೊತ್ತು, ಹಾಗಾಗಿ ಆ ಮೂರೂ ಚೆನ್ನಾಗೇ ಇರುತ್ತೆ. ಕಾಣದ್ದನ್ನು ಹೇಗೆ ನೋಡೋದು?

ಒಂದು, ಹೊಳಪನ್ನು ಅನುಮಾನಿಸಿ. ಹೊರಗಿನ ಕೆಲಸಕ್ಕೆ ದಪ್ಪ ಲೇಪ ಹಾಕಿದ ಸ್ಕ್ರೂ ಸಾಮಾನ್ಯವಾಗಿ ಮಂಕಾಗಿ, ಬೂದಾಗಿ ಇರುತ್ತೆ. ಡಬ್ಬಿ ಮೇಲೆ ಲೇಪದ ಮೈಕ್ರಾನ್ ಅಥವಾ ಕ್ಲಾಸ್ ಬರೆದಿದೆಯಾ ನೋಡಿ. ಆಸ್ಟ್ರೇಲಿಯಾದ ಎಎಸ್ 3566 ಪ್ರಕಾರ ಕ್ಲಾಸ್ 3 ಹೊರಾಂಗಣಕ್ಕೆ, ಕ್ಲಾಸ್ 4 ಸಮುದ್ರ ತೀರದಂಥ ಕಷ್ಟದ ಜಾಗಕ್ಕೆ. ಏನೂ ಬರೆದಿಲ್ಲದಿದ್ದರೆ ಒಳಾಂಗಣದ್ದು ಅಂದುಕೊಳ್ಳಿ. ಇಷ್ಟು ಗಂಟೆ ಉಪ್ಪು ನೀರಿನ ಪರೀಕ್ಷೆ ಪಾಸಾಗಿದೆ ಅಂತ ಬರೆದಿದ್ದರೆ, ಎರಡು ಸ್ಕ್ರೂಗಳನ್ನು ಹೋಲಿಸೋಕೆ ಮಾತ್ರ ಬಳಸಿ. ಆ ಗಂಟೆಗಳನ್ನು ವರ್ಷಕ್ಕೆ ಬದಲಾಯಿಸೋ ಸೂತ್ರ ಇಲ್ಲ.

ಎರಡು, ವಾಷರನ್ನು ಉಗುರಿನಿಂದ ಎಬ್ಬಿಸಿ. ಒಳ್ಳೇದರಲ್ಲಿ ಇಪಿಡಿಎಂ ರಬ್ಬರು ಲೋಹಕ್ಕೆ ಕಚ್ಚಿಕೊಂಡೇ ಇರುತ್ತೆ, ಹಿಂಡಿದರೆ ವಾಪಸ್ ಉಬ್ಬುತ್ತೆ. ಕೆಟ್ಟದ್ದು ಸ್ಟಿಕ್ಕರಿನ ಥರ ಕೈಗೆ ಬರುತ್ತೆ.

ಮೂರು, ಒಂದನ್ನು ವೈಸಿಗೆ ಸಿಕ್ಕಿಸಿ ಬಾಗಿಸಿ. ಸ್ವಲ್ಪವಾದರೂ ಬಾಗಿ ಆಮೇಲೆ ಮುರಿಯಬೇಕು. ಚಾಕ್‌ಪೀಸಿನ ಥರ ಮುರಿದರೆ ಆ ಡಬ್ಬಿ ಬೇಡ.

ನಾಲ್ಕು, "ಎಸ್ಎಸ್ ಇದು ಸಾರ್" ಅಂದ ಕೂಡಲೇ ಜೇಬಿಂದ ಅಯಸ್ಕಾಂತ ತೆಗೆಯೋದು ಅರ್ಧ ಜ್ಞಾನ. 410 ಅನ್ನೋ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುತ್ತೆ, ಆದರೂ ಸ್ಟೇನ್‌ಲೆಸ್ಸೇ. ಅಂಟದೇ ಇರೋ ಅಗ್ಗದ 202 ತರಹದವು ಹೊರಗೆ 304ರಷ್ಟು ಬಾಳಲ್ಲ. ಗ್ರೇಡ್ ಕೇಳಿ, ಬಿಲ್ಲಿನಲ್ಲಿ ಬರೆಸಿ. ಇನ್ನೊಂದು ವಿಷಯ: ಅಲ್ಯೂಮಿನಿಯಂ–ಜಿಂಕ್ ಲೇಪದ ಶೀಟಿಗೆ ಸ್ಟೇನ್‌ಲೆಸ್ ಸ್ಕ್ರೂ ಬೇಡ ಅಂತ ಶೀಟು ಮಾಡುವವರೇ ಹೇಳ್ತಾರೆ, ಎರಡು ಲೋಹ ಸೇರಿದ ಕಡೆ ಶೀಟಿನ ಲೇಪ ಬೇಗ ಸವೆಯುತ್ತೆ. ದುಬಾರಿಯೇ ಯಾವಾಗಲೂ ಉತ್ತರ ಅಲ್ಲ.

ಬೆಂಗಳೂರಿನ ನಿಮಗೆ ಕೊಟ್ಟಿಗೆ ಇರಲಿಕ್ಕಿಲ್ಲ. ಟೆರೇಸಿನ ಪರ್ಗೋಲಾ, ಬಾಲ್ಕನಿ ಡೆಕ್ಕಿಂಗು, ಸೋಲಾರ್ ಪ್ಯಾನೆಲ್ಲು ಇರುತ್ತೆ. ನನ್ನ ಗೆಳೆಯನೊಬ್ಬನ ಟೆರೇಸಿನ ಮರದ ಬೆಂಚನ್ನು ಕಾರ್ಪೆಂಟರು ಕಪ್ಪು ಡ್ರೈವಾಲ್ ಸ್ಕ್ರೂನಲ್ಲಿ ಜೋಡಿಸಿದ್ದ. ಅದು ಮನೆಯೊಳಗಿನ ಜಿಪ್ಸಮ್ ಬೋರ್ಡಿಗೆ ಮಾಡಿದ್ದು. ಒಂದೇ ಮಳೆಗಾಲಕ್ಕೆ ಮರದ ಮೇಲೆ ಕಪ್ಪು ಕಣ್ಣೀರು ಇಳಿಯಿತು. ಎಸ್‌ಜೆಪಿ ರಸ್ತೆಗೆ ಹೋಗಿ ಹೊರಾಂಗಣದ್ದೇ ಬೇಕು ಅಂತ ಕೇಳಿದರೆ ಸಿಗುತ್ತೆ. ಕೇಳದಿದ್ದರೆ ಯಾವುದು ಕೈಗೆ ಹತ್ತಿರ ಇದೆಯೋ ಅದು ಸಿಗುತ್ತೆ.

ಬೆಲೆಯ ಬಗ್ಗೆ ಸರ್ಕಾರವೂ ಯೋಚಿಸಿದೆ. 2024ರ ಜನವರಿಯಲ್ಲಿ, ಕೆಜಿಗೆ 129 ರೂಪಾಯಿಗಿಂತ ಅಗ್ಗದ ಕೆಲವು ಬಗೆಯ ಸ್ಕ್ರೂಗಳ ಆಮದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಇಲ್ಲಿ ತಯಾರಿಸುವವರಿಗೆ ಅದರಿಂದ ಉಸಿರಾಡೋಕೆ ಜಾಗ ಸಿಗಬಹುದು. ಆದರೆ ಕೆಜಿ ಲೆಕ್ಕದಲ್ಲಿ ಮೈಕ್ರಾನ್ ಕಾಣಲ್ಲ. 130 ರೂಪಾಯಿಯ ಕೆಟ್ಟ ಸ್ಕ್ರೂ ಮಾಡೋದು ಕಷ್ಟದ ಕೆಲಸವೇನಲ್ಲ.

ಹಳೇದೆಲ್ಲ ಚಿನ್ನ ಅಂತಲೂ ನಾನು ಹೇಳಲ್ಲ. ನಮ್ಮ ಹೊಗೆಸೊಪ್ಪಿನ ಬ್ಯಾರನ್ ಮೇಲೆ ಅಜ್ಜನ ಕಾಲದ ಜೆ ಬೋಲ್ಟುಗಳು ಇವತ್ತಿಗೂ ಶೀಟನ್ನು ಹಿಡಿದು ನಿಂತಿವೆ. ಸೊಪ್ಪು ಹದ ಮಾಡುವಾಗ ಒಳಗೆ ಎಪ್ಪತ್ತು ಡಿಗ್ರಿ ಹತ್ತಿರ ಏರುತ್ತೆ, ಆಮೇಲೆ ಮಳೆಗೆ ತಣ್ಣಗಾಗುತ್ತೆ. ಶೀಟು ಹಿಗ್ಗಿ ಕುಗ್ಗಿ ಬೋಲ್ಟನ್ನು ಎಳೀತಾನೇ ಇರುತ್ತೆ. ಆದರೂ ಬಾಳಿವೆ, ಯಾಕಂದ್ರೆ ಎಂಟು ಮಿಲಿಮೀಟರ್ ದಪ್ಪದ ಕಂಬಿ ತುಕ್ಕು ಹಿಡಿದು ಸವೆಯೋಕೆ ಒಂದು ತಲೆಮಾರು ಬೇಕು. ಅವೂ ಸೋರ್ತವೆ, ಟಾರು ವಾಷರು ಬಿರಿದಿದೆ, ಒಂದೊಂದನ್ನು ಹಾಕೋಕೂ ಇಬ್ಬರು ಬೇಕು. ಹೊಸ ಸ್ಕ್ರೂ ಒಳ್ಳೇ ಉಪಾಯವೇ. ಆದರೆ ಐದೂವರೆ ಮಿಲಿಮೀಟರಿನ ಸ್ಕ್ರೂನಲ್ಲಿ ಹಾಗೆ ಸವೆಯೋಕೆ ಹೆಚ್ಚುವರಿ ಕಬ್ಬಿಣವೇ ಇಲ್ಲ, ಅದು ಪೂರ್ತಿ ನಂಬಿಕೊಂಡಿರೋದು ಲೇಪವನ್ನು. ಅದರಲ್ಲೇ ಉಳಿತಾಯ ಮಾಡಿದ್ದು ನನ್ನ ದಡ್ಡತನ.

ಮೇ ತಿಂಗಳಲ್ಲಿ ಅದೇ ಹುಣಸೂರಿನ ಅಂಗಡಿಗೆ ಹೋದೆ. ಅವರು ಏನೂ ಅನ್ನಲಿಲ್ಲ, ನಾನೂ ಫೋನ್ ತೆಗೆಯಲಿಲ್ಲ. ಬೂದು ಬಣ್ಣದ ಕ್ಲಾಸ್ 3 ನಾನೂರ ಐವತ್ತು ತಂದೆವು, ಅಂಚಿನ ಸಾಲಿಗೆ ಒತ್ತೊತ್ತಾಗಿ ಹಾಕಲು ಐವತ್ತು ಜಾಸ್ತಿ. ತೆಳ್ಳನೆಯ ಪೈಪು ಬದಲಾಯಿಸಿದೆವು. ಶೆಡ್ಡಿನ ಅಣ್ಣ ಇಂಪ್ಯಾಕ್ಟ್ ಡ್ರೈವರಿನಲ್ಲಿ ರಬ್ಬರು ಹಿಂಡಿ ಹೋಗೋಷ್ಟು ಬಿಗಿಯೋಕೆ ಹೊರಟಾಗ ಅಪ್ಪ ಕೆಳಗಿಂದಲೇ "ಸಾಕು ನಿಲ್ಸಪ್ಪಾ" ಅಂತ ಕೂಗ್ತಿದ್ದರು. ರಬ್ಬರು ವಾಷರಿನ ಅಂಚಿಗೆ ಬಂದು ನಿಂತರೆ ಸಾಕು, ಆಚೆಗೆ ಉಬ್ಬಿ ಬರಬಾರದು. ಪೊಟ್ಯಾಷ್ ಚೀಲ ಈಗ ಬೇರೆ ಕಡೆ ಇದೆ.

ಬೆಂಗಳೂರಿಗೆ ಬಂದು, ಹಳೇ ಐದು ಸ್ಟಾರನ್ನು ತಿದ್ದೋಣ ಅಂತ ಆ ಪೇಜಿಗೆ ಹೋದೆ. ಪೇಜೇ ಇರಲಿಲ್ಲ. ಹಾಗಾಗಿ ಇಲ್ಲಿ ಬರೆದೆ. ಈಗ ಹಾಕಿರೋ ಸ್ಕ್ರೂಗೆ ಇನ್ನೂ ಸ್ಟಾರ್ ಕೊಟ್ಟಿಲ್ಲ. ಅವ್ವ ದಿನಾ ಸಂಜೆ ಅದರ ಕೆಳಗೇ ಕೂತು ಹಾಲು ಕರೀತಾಳೆ. ಐದಾರು ಮಳೆಗಾಲ ಕಳೀಲಿ, ಆಮೇಲೆ ನೋಡೋಣ.